ಸಸ್ಪೆಂಡ್ ಆದೋನಿಗೆ ಮೊದ್ಲು ಭತ್ಯೆ ಕೊಡಿ, ಆಮೇಲೆ ಎನ್‌ಕ್ವೈರಿಗೆ ಕರೀರಿ

ಮಾನ್ಯ ಸಂಪಾದಕರೇ,

ಒಬ್ಬ ವರ್ಕರ್‌ನ ಕೆಲಸದಿಂದ ತೆಗೀಬೇಕು ಅಂದ್ರೆ ಚಾರ್ಜ್‌ಶೀಟು (ಕಂಪನಿ ಕೊಡೋ ಆರೋಪ ಪತ್ರ), ಎನ್‌ಕ್ವೈರಿ ಅಂತ ತಿಂಗಳುಗಟ್ಲೆ ತಲೆನೋವು, ಇದೆಲ್ಲಾ ಬರೀ ನಾಟಕ, ಇದನ್ನೇ ತೆಗೆದುಹಾಕ್ಬೇಕು ಅಂತ ಸಣ್ಣ ಫ್ಯಾಕ್ಟರಿ ಮಾಲೀಕರೊಬ್ರು ಮೊನ್ನೆ ನಿಮ್ಮ ಪೇಪರ್‌ಗೆ ಬರೆದಿದ್ರು. ನಾಟಕ ಅಂದಿದ್ದನ್ನ ನಾನೂ ಒಪ್ತೀನಿ ಸಾರ್. ಆದ್ರೆ ಆಡಿಸೋರು ಯಾರು ಅನ್ನೋದನ್ನ ಅವ್ರು ಬರೀಲಿಲ್ಲ. ಪೀಣ್ಯದಲ್ಲಿ ಮಿಲ್ಲಿಂಗ್ ಮಷೀನ್ ಮೇಲೆ ಕೆಲ್ಸ ಮಾಡ್ಕೊಂಡೇ ಯೂನಿಯನ್ ಕಡೆಯಿಂದ ಸುಮಾರು ಜನರ ಡೊಮೆಸ್ಟಿಕ್ ಎನ್‌ಕ್ವೈರಿಗಳಲ್ಲಿ, ಅಂದ್ರೆ ಕಂಪನಿಯೊಳಗೇ ನಡೆಯೋ ವಿಚಾರಣೆಗಳಲ್ಲಿ, ಅವ್ರ ಪಕ್ಕ ಕೂತೋನು ನಾನು, ಅದಕ್ಕೇ ಈ ಪತ್ರ.

ಎನ್‌ಕ್ವೈರಿ ನಡೆಯೋದು ಕಂಪನಿ ರೂಮಲ್ಲೇ, ಎನ್‌ಕ್ವೈರಿ ಆಫೀಸರ್ ಕಂಪನಿ ಕರೆಸಿರೋ ವಕೀಲರು, ಫೀಸೂ ಕಂಪನಿದೇ. ಅಷ್ಟಕ್ಕೇ ಅದು ಪಕ್ಷಪಾತ ಆಗಲ್ಲ ಅಂತಾವೆ ಕೋರ್ಟ್‌ಗಳು, ಇರ್ಲಿ. ಒಂದ್ಸಲ ನೈಟ್ ಶಿಫ್ಟಲ್ಲಿ ಮಷೀನ್ ಬಿಟ್ಟು ಹೋದ ಅಂತ ಒಬ್ಬ ಹುಡುಗನ ಮೇಲೆ ಚಾರ್ಜ್ ಇತ್ತು. "ಮಷೀನ್ ಬಿಟ್ಟು ಹೋಗಿದ್ರಾ?" ಅಂತ ಕೇಳಿದ್ರು. "ಹೋಗಿದ್ದೆ ಸಾರ್, ಕೂಲೆಂಟ್ ಖಾಲಿ ಆಗಿತ್ತು, ಸೂಪರ್‌ವೈಸರ್‌ಗೆ ಹೇಳೇ ತರೋಕ್ ಹೋಗಿದ್ದೆ" ಅಂದ. ಕೂಲೆಂಟ್ ಅಂದ್ರೆ ಮಷೀನ್ ಬಿಸಿ ಆಗದ ಹಾಗೆ ಹಾಕೋ ದ್ರವ. ಲ್ಯಾಪ್‌ಟಾಪ್ ಮುಂದೆ ಕೂತಿದ್ದೋರು ಹೊಡೆದಿದ್ದು 'ಹೋಗಿದ್ದೆ' ಅನ್ನೋದಷ್ಟೇ. ಮಿಕ್ಕಿದ್ದೂ ಬರ್ಕೊಳ್ಳಿ ಅಂತ ನಾನು ಹೇಳಿದ್ರೆ, ಅದನ್ನ ನಿಮ್ಮ ಸರದಿ ಬಂದಾಗ ಹೇಳಿ ಅಂದ್ರು. ಆ ಸೂಪರ್‌ವೈಸರ್‌ನ ಕೊನೇವರ್ಗೂ ಕರೆಸ್ಲೇ ಇಲ್ಲ. ಪ್ರತಿ ಪೇಜಿಗೂ ಸೈನ್ ಹಾಕು ಅಂದಾಗ ನಾನು ಆಕ್ಷೇಪಣೆ ಇದೆ ಅಂತ ಬರೆಸಿ ಸೈನ್ ಹಾಕಿಸ್ದೆ, ಆದ್ರೂ ರಿಪೋರ್ಟಲ್ಲಿ ಬಂದಿದ್ದು ಆರೋಪ ತಾನೇ ಒಪ್ಕೊಂಡಿದಾನೆ ಅಂತ.

ಇದೇನು ನಿನ್ನೆ ಮೊನ್ನೆ ಹುಟ್ಟಿದ ರೂಲ್ಸ್ ಅಲ್ಲ. ಆರೋಪ ಮಾಡಿದೋರು ತಮ್ಮ ಸಾಕ್ಷಿಗಳನ್ನ ಮೊದ್ಲು ನಿಲ್ಲಿಸ್ಬೇಕು, ವರ್ಕರ್ ಅವ್ರನ್ನ ಪಾಟೀಸವಾಲು ಮಾಡ್ಬೇಕು, ಆಮೇಲೆ ಅವನ ಸರದಿ. ಅದು ಬಿಟ್ಟು ಮೊದಲಿಗೇ ಅವನನ್ನ ಕೂರಿಸ್ಕೊಂಡು ಸವಾಲು ಹಾಕೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಎಸಿಸಿ ಸಿಮೆಂಟ್ ಕೇಸಲ್ಲಿ 1963ರಲ್ಲೇ ಹೇಳಿದೆ. ಶಿಕ್ಷೆ ಕೊಡೋ ಮೊದ್ಲು ಎನ್‌ಕ್ವೈರಿ ರಿಪೋರ್ಟಿನ ಕಾಪಿ ಕೊಡ್ಬೇಕು ಅನ್ನೋದು 1993ರಲ್ಲಿ ಇಸಿಐಎಲ್ ಅನ್ನೋ ಸರ್ಕಾರಿ ಕಂಪನಿ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು. ಈಗ್ಲೂ ಎಷ್ಟೋ ಕಡೆ ಡಿಸ್ಮಿಸಲ್ ಆರ್ಡರ್ ಜೊತೆಗೇ ರಿಪೋರ್ಟನ್ನೂ ಕವರಿಗೆ ತುರುಕಿ ಕಳಿಸ್ತಾರೆ, ನೋಡಿದೀನಿ.

ಆದ್ರೆ ನನ್ನ ಕೇಳಿದ್ರೆ ಇದೆಲ್ಲಕ್ಕಿಂತ ದೊಡ್ಡ ಅನ್ಯಾಯ ಇರೋದು ಸಸ್ಪೆನ್ಷನ್ ಟೈಮಲ್ಲಿ. ಸಂಬಳ ನಿಲ್ಲಿಸ್ತಾರೆ, ಆ ಟೈಮಲ್ಲಿ ಜೀವನಕ್ಕೆ ಅಂತ ಕೊಡ್ಬೇಕಾದ ಭತ್ಯೆನೂ ಕೊಡಲ್ಲ, ಬೇರೆ ಕಡೆ ಕೆಲಸಕ್ಕೆ ಹೋದ್ರೆ ಅದೇ ಇನ್ನೊಂದು ಚಾರ್ಜ್. ಮನೆ ಬಾಡಿಗೆ ಕಟ್ಟೋಕಾಗದೆ ಹೆಂಡ್ತಿ ಮಕ್ಳನ್ನ ಕರ್ಕೊಂಡು ಊರಿಗೆ ಹೋಗ್ತಾನೆ, ಅಲ್ಲಿಗೊಂದು ನೋಟಿಸ್ ಬರುತ್ತೆ, ಇಂಥಾ ತಾರೀಕು ಬೆಳಿಗ್ಗೆ ಹತ್ತಕ್ಕೆ ಹಾಜರಾಗು ಅಂತ. ಬಸ್ ಚಾರ್ಜಿಗೂ ದುಡ್ಡಿರಲ್ಲ. ಬರ್ಲಿಲ್ಲ ಅಂದ್ರೆ ಎಕ್ಸ್‌ಪಾರ್ಟಿ, ಅಂದ್ರೆ ಅವನಿಲ್ದೇನೇ ಎನ್‌ಕ್ವೈರಿ ನಡೆಸಿಬಿಡ್ತಾರೆ, ಅಲ್ಲಿಗೆ ಮುಗೀತು.

ನಮ್ಮ ಕೆಜಿಎಫ್‌ನ ಭಾರತ್ ಗೋಲ್ಡ್ ಮೈನ್ಸ್‌ನಲ್ಲಿ ಹೀಗೇ ಆಗಿತ್ತು. 1985ರ ಜೂನಲ್ಲಿ ಒಬ್ಬ ಸೆಕ್ಯುರಿಟಿ ಆಫೀಸರ್ ಮನೆ ಮೇಲೆ ಪೊಲೀಸ್ ರೇಡ್ ಆಯ್ತು, ನಾಲ್ಕೂವರೆ ಗ್ರಾಂ ಚಿನ್ನದ ಉಂಡೆ, ಚಿನ್ನದ ಅಂಶ ಇರೋ ಮರಳು ಸಿಕ್ತು ಅಂತ ಹೇಳಿ ಮಾರನೇ ದಿನವೇ ಸಸ್ಪೆಂಡ್ ಮಾಡಿದ್ರು. ಭತ್ಯೆ ಕೊಡ್ಲಿಲ್ಲ. ಆತ ಕೇರಳದಲ್ಲಿದ್ರು, ಬರೋಕೆ ಕಾಸಿಲ್ಲ, ಎನ್‌ಕ್ವೈರಿ ಎಕ್ಸ್‌ಪಾರ್ಟಿ ಆಗಿ 1986ರಲ್ಲಿ ಡಿಸ್ಮಿಸ್. ಮುಂದಿನ ವರ್ಷ ಕ್ರಿಮಿನಲ್ ಕೋರ್ಟು ಅದೇ ರೇಡು ಸಾಬೀತಾಗಿಲ್ಲ ಅಂತ ಖುಲಾಸೆ ಮಾಡ್ತು, ಆದ್ರೂ ಕೆಲಸ ವಾಪಸ್ ಸಿಗೋಕೆ ಸುಪ್ರೀಂ ಕೋರ್ಟಿಗೇ ಹೋಗ್ಬೇಕಾಯ್ತು, ತೀರ್ಪು ಬಂದಾಗ 1999. ಭತ್ಯೆ ಕೊಡದೇ ಇರೋದು ನಿಧಾನವಾಗಿ ವಿಷ ಹಾಕಿದ ಹಾಗೆ ಅಂತ ಆ ತೀರ್ಪಲ್ಲೇ ಇದೆ. ಕದ್ದಿದಾನೆ ಅಂತ ಎಲ್ರೂ ಮೊದಲೇ ತೀರ್ಮಾನ ಮಾಡಿದ್ದ ಮನುಷ್ಯ ಅವ್ರು, ಎನ್‌ಕ್ವೈರಿ ಯಾಕೆ ಬೇಕು ಅನ್ನೋರು ಇದನ್ನ ಸ್ವಲ್ಪ ಯೋಚನೆ ಮಾಡ್ಲಿ.

2025ರ ನವೆಂಬರ್ 21ರಿಂದ ಹೊಸ ಇಂಡಸ್ಟ್ರಿಯಲ್ ರಿಲೇಷನ್ಸ್ ಕೋಡ್ ಬಂದಿದೆ. ಅದ್ರಲ್ಲೂ ಸಸ್ಪೆನ್ಷನ್ ಆದ ಮೊದಲ 90 ದಿನ ಅರ್ಧ ಸಂಬಳ, ಆಮೇಲೂ ವರ್ಕರ್ ತಪ್ಪಿಲ್ದೇ ಎಳೆದ್ರೆ ಮುಕ್ಕಾಲು, ಎನ್‌ಕ್ವೈರಿನೂ ಸಾಮಾನ್ಯವಾಗಿ 90 ದಿನದೊಳಗೆ ಮುಗೀಬೇಕು ಅಂತಿದೆ, ಒಳ್ಳೇದೇ. ಆದ್ರೆ ಇದೆಲ್ಲಾ ಇರೋ ಸ್ಟ್ಯಾಂಡಿಂಗ್ ಆರ್ಡರ್ (ಕಂಪನಿ ಲಿಖಿತ ಸೇವಾ ನಿಯಮಗಳ) ಚಾಪ್ಟರ್ ಕಡ್ಡಾಯ ಆಗೋದು 300 ಜನ ಇರೋ ಕಡೆ, ಹಳೇ ಕೇಂದ್ರ ಕಾಯ್ದೆಯಲ್ಲಿ 100 ಇತ್ತು. ಪೀಣ್ಯದಲ್ಲಿ ಒಂದು ಸುತ್ತು ಹಾಕ್ಲಿ ಯಾರಾದ್ರೂ, ಒಂದೊಂದು ಶೆಡ್ಡಲ್ಲಿ ಇಪ್ಪತ್ತು, ನಲವತ್ತು ಜನ. ಅವ್ರಿಗೆ ಚಾರ್ಜ್‌ಶೀಟೂ ಇಲ್ಲ ಎಂಥದೂ ಇಲ್ಲ, ಬೆಳಿಗ್ಗೆ ಬಂದ್ರೆ ಸೆಕ್ಯುರಿಟಿ ಗೇಟಲ್ಲೇ ನಿಲ್ಲಿಸ್ತಾನೆ, ಇಲ್ಲಾಂದ್ರೆ ಒಳಗೆ ಕೂರಿಸಿ ರಿಸೈನ್ ಬರೆಸ್ಕೋತಾರೆ.

ಆ ಮಾಲೀಕರಿಗೂ ಒಂದ್ಮಾತು. ನೆಟ್ಟಗೆ ಎನ್‌ಕ್ವೈರಿ ಮಾಡಿದ್ರೆ ಲಾಭ ನಿಮ್ಗೇ. ಎನ್‌ಕ್ವೈರಿ ಸರಿಯಿಲ್ಲ ಅಂತ ಬಿದ್ದೋದ್ರೆ ಲೇಬರ್ ಕೋರ್ಟಲ್ಲಿ ಹೊಸದಾಗಿ ಸಾಕ್ಷಿ ಕೊಡೋ ಅವಕಾಶ ಇದೆ ನಿಜ, ಆದ್ರೆ ಅದನ್ನ ಮೊದಲ ಹೇಳಿಕೆ ಸಲ್ಲಿಸುವಾಗ್ಲೇ ಕೇಳಿಕೊಂಡಿರ್ಬೇಕು ಅಂತ 2001ರಲ್ಲಿ ನಮ್ಮ ಕೆಎಸ್‌ಆರ್‌ಟಿಸಿ ಕೇಸಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅಷ್ಟೊತ್ತಿಗೆ ನಿಮ್ಮ ಸಾಕ್ಷಿ ಬೇರೆ ಕಂಪನಿ ಸೇರಿರ್ತಾನೆ. ಸೋತ್ರೆ ಇಷ್ಟು ದಿನದ ಬಾಕಿ ಸಂಬಳದ ಸಮೇತ ಆ ವರ್ಕರ್‌ನ ವಾಪಸ್ ಸೇರಿಸ್ಕೋಬೇಕಾಗ್ಬಹುದು. ನೀವು ಬರೆದ ತಲೆನೋವು ಇದಕ್ಕಿಂತ ಜಾಸ್ತಿನಾ?

ಕಾರ್ಮಿಕ ಇಲಾಖೆಗೆ ನನ್ನ ಬೇಡಿಕೆ ಒಂದೇ. ಸಸ್ಪೆನ್ಷನ್ ಭತ್ಯೆಗೇ ಅಂತ ನಮ್ಮ ರಾಜ್ಯದ್ದೇ ಒಂದು ಕಾಯ್ದೆ ಇದೆ, 1988ರದ್ದು, ಆರು ತಿಂಗಳು ದಾಟಿದ್ರೆ ಶೇ 90 ಕೊಡ್ಬೇಕು ಅನ್ನೋವರ್ಗೂ ಅದ್ರಲ್ಲಿದೆ. ಬನ್ನೇರುಘಟ್ಟ ರಸ್ತೆ ಕಾರ್ಮಿಕ ಭವನಕ್ಕೆ ಡಿಸ್ಮಿಸ್ ಆದೋನು ದೂರು ತಂದ್ರೆ, ರಾಜಿ ಮಾತುಕತೆ ಶುರು ಮಾಡೋ ಮೊದ್ಲು ಕಂಪನಿಯಿಂದ ಭತ್ಯೆ ಕೊಟ್ಟಿರೋ ಬ್ಯಾಂಕ್ ರೆಕಾರ್ಡ್ ತರಿಸಿ ನೋಡ್ಲಿ. ಕೊಟ್ಟಿಲ್ಲ ಅಂದ್ರೆ ಅದನ್ನ ಮೊದಲ ದಿನವೇ ಫೈಲಲ್ಲಿ ಬರೀಲಿ.

– ನಿವೃತ್ತ ಮಿಲ್ಲಿಂಗ್ ಆಪರೇಟರ್, ದಾಸರಹಳ್ಳಿ, ಬೆಂಗಳೂರು