ಕೂಸಿನ ಕಣ್ಣಿನ ಲೆನ್ಸ್ ಶೋಕಿಗಲ್ಲ

ಸಂಪಾದಕರಿಗೆ ನಮಸ್ಕಾರ,

ಕಣ್ಣಿನ ಪೊರೆ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಪೊರೆ ತೆಗೆದು ಒಳಗೇ ಲೆನ್ಸ್ ಕೂರಿಸುತ್ತಾರೆ, ಅಲ್ಲಿಗೆ ಮುಗಿಯಿತು ಎಂದಿದೆ. ನನ್ನಂಥ ಅಜ್ಜಿಯರ ಮಟ್ಟಿಗೆ ಅದು ಸರಿ. ಆದರೆ ಹುಟ್ಟುವಾಗಲೇ ಪೊರೆ ಇರುವ ಕೂಸುಗಳೂ ಇವೆಯಲ್ಲ. ನನ್ನ ಮೊಮ್ಮಗಳು ಅಂಥವಳು. ಎರಡೇ ತಿಂಗಳಿಗೆ ಎಡಗಣ್ಣಿನ ಆಪರೇಷನ್ ಆಯಿತು. ಒಳಗೆ ಲೆನ್ಸ್ ಹಾಕಲಿಲ್ಲ, ಕಣ್ಣಿನ ಮೇಲೆ ಕೂರುವ ಕಾಂಟ್ಯಾಕ್ಟ್ ಲೆನ್ಸ್ ಕೊಟ್ಟರು.

ಹುಟ್ಟಿದಾಗ ಕಣ್ಣುಗುಡ್ಡೆಯ ಉದ್ದ ಸುಮಾರು 17 ಮಿ.ಮೀ., ಬೆಳೆದ ಮೇಲೆ 23–24. ಇವತ್ತು ಕೂರಿಸಿದ ಪವರ್ ನಾಳೆಗೆ ಹೊಂದುವುದಿಲ್ಲ. ಅಮೆರಿಕದಲ್ಲಿ ಒಂದೇ ಕಣ್ಣಿಗೆ ಪೊರೆಯಿದ್ದ, ಏಳು ತಿಂಗಳೊಳಗಿನ 114 ಕೂಸುಗಳನ್ನು ವರ್ಷಗಟ್ಟಲೆ ಗಮನಿಸಿದ್ದಾರೆ. ಅರ್ಧದಷ್ಟು ಕೂಸುಗಳಿಗೆ ಒಳಗೆ ಲೆನ್ಸ್, ಉಳಿದವಕ್ಕೆ ಕಾಂಟ್ಯಾಕ್ಟ್ ಲೆನ್ಸ್. ನಾಲ್ಕೂವರೆ ವರ್ಷಕ್ಕೆ ದೃಷ್ಟಿ ಹೆಚ್ಚುಕಮ್ಮಿ ಒಂದೇ. ಒಳಗೆ ಹಾಕಿಸಿಕೊಂಡವಕ್ಕೆ ಮತ್ತೆ ಆಪರೇಷನ್ ಮಾಡಬೇಕಾಗಿ ಬಂದದ್ದು ಮಾತ್ರ ಜಾಸ್ತಿ.

ನಮ್ಮ ಕೂಸಿನದು ಗಾಳಿಯಾಡುವ ಗಟ್ಟಿ ಲೆನ್ಸ್. ಶರ್ಟಿನ ಗುಂಡಿಗಿಂತ ಸಣ್ಣದು. ರಾತ್ರಿಯೂ ಕಣ್ಣಲ್ಲೇ ಇರಲಿ, ವಾರಕ್ಕೊಮ್ಮೆ ತೆಗೆದು ತೊಳೆಯಿರಿ ಎಂದಿದ್ದಾರೆ ಡಾಕ್ಟರು. ಹಾಗಂತ ಹಾಕಿ ಮರೆಯುವ ವಸ್ತು ಅಲ್ಲ. ರೆಪ್ಪೆ ಮುಚ್ಚಿದಾಗ ಕಣ್ಣಿಗೆ ಆಮ್ಲಜನಕ ಕಡಿಮೆ, ಸೋಂಕಿನ ಭಯ ಹೆಚ್ಚು. ನಲ್ಲಿ ನೀರು ತಾಗಿಸುವಂತೆಯೇ ಇಲ್ಲ. ಕಣ್ಣು ಕೆಂಪಾದರೆ ಲೆನ್ಸ್ ತೆಗೆದು ಅವತ್ತೇ ಆಸ್ಪತ್ರೆಗೆ ಓಡಬೇಕು.

ತೆಗೆಯುವ ದಿನ ಮನೆಯಲ್ಲಿ ಒಂದು ಯುದ್ಧ. ಕೂಸನ್ನು ಟವೆಲಲ್ಲಿ ಬಿಗಿಯಾಗಿ ಸುತ್ತಿ ನಾನು ತಲೆ ಹಿಡಿಯಬೇಕು. ಸೊಸೆ ರಬ್ಬರಿನ ಪುಟ್ಟ ಕಡ್ಡಿಯನ್ನು ಲೆನ್ಸಿಗೆ ಅಂಟಿಸಿ ಮೆಲ್ಲಗೆ ಎಳೆಯುತ್ತಾಳೆ. ಒಮ್ಮೆ ಕೂಸು ಕಣ್ಣುಜ್ಜಿಕೊಂಡು ಲೆನ್ಸ್ ಎಲ್ಲೋ ಹೋಯಿತು. ದೀಪ ಆರಿಸಿ, ಟಾರ್ಚ್ ಬಿಟ್ಟು ನೆಲವೆಲ್ಲ ತಡಕಿದೆವು. ಕೊನೆಗೆ ಸಿಕ್ಕಿದ್ದು ಕುಲಾವಿಯ ಮಡಿಕೆಯಲ್ಲಿ! ಎರಡನೇ ಸಲ ಸಿಗಲೇ ಇಲ್ಲ.

ಕನ್ನಡಕ ಹಾಕಿಸಬಾರದಾ ಎನ್ನುತ್ತಾರೆ. ನಮ್ಮಮ್ಮನಿಗೆ ಹಿಂದೆ ಪೊರೆ ತೆಗೆದು ಸೋಡಾಬುಡ್ಡಿ ಕನ್ನಡಕ ಕೊಟ್ಟಿದ್ದರು. ಎಲ್ಲವೂ ಕಾಲು ಭಾಗದಷ್ಟು ದೊಡ್ಡದಾಗಿ, ಹತ್ತಿರ ಬಂದಂತೆ ಕಾಣುತ್ತಿತ್ತು. ಲೋಟ ಹಿಡಿಯಲು ಹೋಗಿ ಗಾಳಿ ಹಿಡಿಯುತ್ತಿದ್ದಳು. ಒಂದು ಕಣ್ಣಿಗೆ ಮಾತ್ರ ಹಾಗಾದರೆ ಎರಡು ಕಣ್ಣಿನ ಚಿತ್ರ ಒಂದಕ್ಕೊಂದು ಕೂಡುವುದಿಲ್ಲ. ಕೂಸಿನ ಮಿದುಳು ಆ ಕಣ್ಣನ್ನೇ ಕೈಬಿಡುತ್ತದೆ. ಅದಕ್ಕೇ ಲೆನ್ಸ್, ಜತೆಗೆ ಆ ಕಣ್ಣೂ ಕೆಲಸ ಮಾಡಲಿ ಎಂದು ಒಳ್ಳೆ ಕಣ್ಣಿಗೆ ದಿನಾ ಕೆಲ ಗಂಟೆ ಪಟ್ಟಿ.

ಇಷ್ಟೆಲ್ಲ ಆದ ಮೇಲೆ ವಿಮೆ ಕಂಪನಿಯೊಂದು ಆಪರೇಷನ್ ದುಡ್ಡು ಕೊಟ್ಟು, ಲೆನ್ಸಿನ ಬಿಲ್ ಮಾತ್ರ ವಾಪಸ್ ಕಳಿಸಿತು. ಅದು ಚೆಂದಕ್ಕೆ ಹಾಕುವ ವಸ್ತುವಂತೆ! ಸರಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಚಿಕಿತ್ಸೆ ಕೊಡಿಸುವ ಮಕ್ಕಳ ಕಾಯಿಲೆಗಳ ಪಟ್ಟಿಯಲ್ಲಿ ಹುಟ್ಟುಪೊರೆಯೂ ಇದೆ. ಲೆನ್ಸ್ ಇಲ್ಲದೆ ಆ ಆಪರೇಷನ್ ಅರ್ಧಕ್ಕೇ ನಿಂತಂತೆ. ಹಾಗಾಗಿ ಕಳೆದುಹೋದದ್ದು, ಪವರ್ ಬದಲಾದದ್ದು ಎಲ್ಲ ಸೇರಿಸಿ ಲೆನ್ಸಿನ ಖರ್ಚನ್ನು ವಿಮೆಯವರೂ ಸರಕಾರದವರೂ ಚಿಕಿತ್ಸೆಯ ಲೆಕ್ಕಕ್ಕೇ ಹಾಕಲಿ.

ಮುಂದಿನ ತಿಂಗಳು ನಮ್ಮ ಕೂಸಿನ ಪವರ್ ಮತ್ತೆ ಬದಲಾಗುತ್ತದಂತೆ. ಬಿಲ್ ಮತ್ತೆ ಕಳಿಸುತ್ತೇವೆ.

– ಒಬ್ಬ ಅಜ್ಜಿ, ಶಿವಮೊಗ್ಗ