ದೊಡ್ಡ ನಂಬರಿನ ಕಾರ್ಡ್ ಅಲ್ಲ, 60 ಕಾರ್ಡಿನ ಡೆಕ್ ಆಡೋದು

ಸಂಪಾದಕರಿಗೆ ನಮಸ್ಕಾರ.

ಪೋಕೆಮಾನ್ ಕಾರ್ಡ್ ಮಾರೋದನ್ನೇ ನಿಲ್ಲಿಸಬೇಕು, ಇದು ಮಕ್ಕಳಿಗೆ ಜೂಜು ಕಲಿಸುತ್ತಿದೆ ಅಂತ ಓದುಗರ ಪತ್ರಗಳಲ್ಲಿ ಒಬ್ಬರು ಬರೆದಿದ್ದರು. ಅವರ ಸಿಟ್ಟು ಅರ್ಥವಾಗುತ್ತದೆ. ಅರ್ಧ ಮಾತನ್ನು ನಾನೂ ಒಪ್ಪುತ್ತೇನೆ. ಇನ್ನರ್ಧ ಒಪ್ಪೋಕೆ ಆಗಲ್ಲ. ಅವರು ಬೈದಿರೋದು ವ್ಯಾಪಾರವನ್ನು, ಶಿಕ್ಷೆ ಕೇಳ್ತಿರೋದು ಆಟಕ್ಕೆ. ಆ ಆಟ ನಿಜವಾಗಿ ಹೇಗಿರುತ್ತೆ ಅಂತ ನಮ್ಮಲ್ಲಿ ಬಹಳ ಜನ ಅಪ್ಪ ಅಮ್ಮಂದಿರು ನೋಡಿಯೇ ಇಲ್ಲ. ಕಾರ್ಡ್ ಕೂಡಿಸಿಟ್ಟುಕೊಂಡಿರೋ ಮಕ್ಕಳೂ ಎಷ್ಟೋ ಜನ ನೋಡಿಲ್ಲ. ನನಗೆ ಬೇಜಾರಾಗೋದು ಇದಕ್ಕೇ.

ಶಾಲೆ ಪಕ್ಕದ ಅಂಗಡಿಯಲ್ಲಿ ಏನು ನೇತುಹಾಕಿದ್ದಾರೆ ಅಂತ ಒಮ್ಮೆ ನಿಂತು ನೋಡಿ. ಪೂರ್ತಿ ಚಿನ್ನದ ಬಣ್ಣದ, ಪ್ಲಾಸ್ಟಿಕ್ಕಿನ ಹಾಗೆ ಹೊಳೆಯುವ ಕಾರ್ಡುಗಳ ಕಟ್ಟು. ಹೆಸರಿನಲ್ಲೇ ಸ್ಪೆಲಿಂಗ್ ತಪ್ಪು. ಹಿಂಬದಿಯ ನೀಲಿ ಬಣ್ಣ ಒಂದೊಂದು ಕಟ್ಟಿನಲ್ಲಿ ಒಂದೊಂದು ಥರ. ಎಚ್‌ಪಿ, ಅಂದರೆ ಕಾರ್ಡಿನಲ್ಲಿರೋ ಪೋಕೆಮಾನ್ ಅನ್ನೋ ಕಾಲ್ಪನಿಕ ಪ್ರಾಣಿ ಎಷ್ಟು ಪೆಟ್ಟು ತಡೆಯುತ್ತದೆ ಅನ್ನೋ ಅಂಕಿ, ಕೈಗೆ ಬಂದ ಹಾಗೆ ಅಚ್ಚಾಗಿರುತ್ತದೆ. ಇದೆಲ್ಲ ನಕಲಿ. ಇವನ್ನು ಇಟ್ಟುಕೊಂಡು ಆಟ ಆಡೋಕೆ ಬರೋದೇ ಇಲ್ಲ, ಹಾಗಾಗಿ ಮಕ್ಕಳು ತಮ್ಮದೇ ಒಂದು ಆಟ ಮಾಡಿಕೊಂಡಿದ್ದಾರೆ. ಇಬ್ಬರೂ ಒಂದೊಂದು ಕಾರ್ಡ್ ಇಳಿಸೋದು, ಯಾರ ಎಚ್‌ಪಿ ಜಾಸ್ತಿಯೋ ಅವರು ಗೆದ್ದರು, ಸೋತವನ ಕಾರ್ಡ್ ಗೆದ್ದವನ ಜೇಬಿಗೆ. ನಾವು ಚಿಕ್ಕವರಿದ್ದಾಗ ಕ್ರಿಕೆಟ್ ಆಟಗಾರರ ಟ್ರಂಪ್ ಕಾರ್ಡ್ ಆಡ್ತಿದ್ದೆವಲ್ಲ, ಹೆಚ್ಚು ಕಮ್ಮಿ ಅದೇ. ಇದರಲ್ಲಿ ಕಾರ್ಡ್ ಕಳಕೊಂಡ ಮಗು ಮನೆಗೆ ಬಂದು ಅತ್ತು ಮತ್ತೊಂದು ಕಟ್ಟು ಕೇಳುತ್ತದೆ. ಪತ್ರ ಬರೆದವರು ಜೂಜು ಅಂದಿದ್ದು ಇದಕ್ಕಾದರೆ ನೂರಕ್ಕೆ ನೂರು ಸರಿ. ಆದರೆ ಇದು ಪೋಕೆಮಾನ್ ಕಾರ್ಡ್ ಆಟ ಅಲ್ಲ.

ಆಟ ಅಂದರೆ ಬೇರೆ. 1996ರಲ್ಲಿ ಜಪಾನಿನಲ್ಲಿ ಶುರುವಾದದ್ದು, 2004ರಿಂದ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿದೆ. ಒಬ್ಬೊಬ್ಬರ ಡೆಕ್‌ನಲ್ಲಿ (ಆಡೋಕೆ ತಾವೇ ಆರಿಸಿ ಕಟ್ಟಿಕೊಂಡ ಕಾರ್ಡಿನ ಕಟ್ಟು) ಸರಿಯಾಗಿ 60 ಕಾರ್ಡ್, ಒಂದು ಹೆಚ್ಚಿಲ್ಲ ಒಂದು ಕಮ್ಮಿಯಿಲ್ಲ. ಪೆಟ್ಟು ಹಾಕೋಕೆ ಶಕ್ತಿ ಕೊಡುವ ಮೂಲ ಎನರ್ಜಿ ಕಾರ್ಡ್ ಬಿಟ್ಟರೆ ಒಂದೇ ಹೆಸರಿನ ಕಾರ್ಡ್ ನಾಲ್ಕಕ್ಕಿಂತ ಜಾಸ್ತಿ ಇರೋ ಹಾಗಿಲ್ಲ. ಕಲೆಸಿ ಏಳು ಕಾರ್ಡ್ ಕೈಗೆ ತಗೊಳ್ಳಬೇಕು, ಆರು ಕಾರ್ಡನ್ನು ಪ್ರೈಜ್ ಅಂತ ಮಗುಚಿ ಪಕ್ಕಕ್ಕಿಡಬೇಕು. ಎದುರಾಳಿಯ ಪೋಕೆಮಾನ್ ನಾಕೌಟ್ ಮಾಡಿದ ಹಾಗೆಲ್ಲ, ಅಂದರೆ ಅದರ ಎಚ್‌ಪಿ ಪೂರ್ತಿ ಮುಗಿಸಿದ ಹಾಗೆಲ್ಲ, ನಮ್ಮ ಪ್ರೈಜ್ ಕೈಗೆ ಬರುತ್ತಾ ಹೋಗುತ್ತದೆ. ಮೊದಲು ಆರನ್ನೂ ಎತ್ತಿದವರು ಗೆದ್ದರು. ನಿಯಮ ಇಷ್ಟೇ ಸರಳ. ಕಷ್ಟ ಇರೋದು ಆ 60ರಲ್ಲಿ ಯಾವುದನ್ನು ಇಡೋದು, ಯಾವುದನ್ನು ಬಿಡೋದು ಅನ್ನೋದರಲ್ಲಿ.

ಒಂದು ಉದಾಹರಣೆ ಬಿಡಿಸಿ ಹೇಳ್ತೀನಿ, ದಯವಿಟ್ಟು ತಾಳ್ಮೆಯಿಂದ ಓದಿ. 2023ರ ಆಗಸ್ಟ್‌ನಲ್ಲಿ ಬಂದ ಚಾರಿಜಾರ್ಡ್ ಇಎಕ್ಸ್ ಅನ್ನೋ ಪೋಕೆಮಾನ್ ಎಲ್ಲ ಮಕ್ಕಳಿಗೂ ಬೇಕು. 330 ಎಚ್‌ಪಿ. ಆದರೆ ಅದನ್ನು ನೇರವಾಗಿ ಇಳಿಸೋಕೆ ಬರಲ್ಲ. ಮೊದಲು ಚಾರ್ಮ್ಯಾಂಡರ್ ಅನ್ನೋ ಮರಿ ಇಳಿಸಬೇಕು, ಅದು ಒಂದು ಸುತ್ತು ಬದುಕಬೇಕು, ಆಮೇಲೆ ಚಾರ್ಮೀಲಿಯನ್, ಅದರ ಮೇಲೆ ಚಾರಿಜಾರ್ಡ್. ಇಲ್ಲಾಂದ್ರೆ ರೇರ್ ಕ್ಯಾಂಡಿ ಅನ್ನೋ ಕಾರ್ಡ್ ಕೈಯಲ್ಲಿದ್ದರೆ ನಡುವಿನ ಮೆಟ್ಟಿಲು ಹಾರಬಹುದು. ಅಂದರೆ ನಾಲ್ಕು ಚಾರಿಜಾರ್ಡ್ ತುಂಬಿಕೊಂಡ ಹುಡುಗನ ಕೈಗೆ ಚಾರ್ಮ್ಯಾಂಡರ್ ಬರದಿದ್ದರೆ ಆ ನಾಲ್ಕೂ ಕಾರ್ಡ್ ಸುಮ್ನೆ ಭಾರ. ಮೊದಲ ಏಳು ಕಾರ್ಡಿನಲ್ಲಿ ಒಂದಾದರೂ ಬೇಸಿಕ್ ಪೋಕೆಮಾನ್, ಅಂದರೆ ಚಾರ್ಮ್ಯಾಂಡರ್ ಥರ ನೇರವಾಗಿ ಇಳಿಸಬಹುದಾದದ್ದು, ಇಲ್ಲದಿದ್ದರೆ ಕೈ ತೋರಿಸಿ, ಮತ್ತೆ ಕಲೆಸಿ, ಮತ್ತೆ ಏಳು ಎತ್ತಬೇಕು. ಹಾಗೆ ಮಾಡಿದಾಗೆಲ್ಲ ಎದುರಾಳಿ ಒಂದು ಕಾರ್ಡ್ ಹೆಚ್ಚಿಗೆ ಎಳೆದುಕೊಳ್ಳಬಹುದು.

ಈಗ ಲೆಕ್ಕ ಹಾಕಿ. 60ರಲ್ಲಿ ಬೇಸಿಕ್ ನಾಲ್ಕೇ ಇದ್ದರೆ ಮೊದಲ ಕೈಯಲ್ಲಿ ಒಂದಾದರೂ ಸಿಗುವ ಸಾಧ್ಯತೆ ಶೇ 40. ಎಂಟು ಇದ್ದರೆ ಶೇ 65. ಹನ್ನೆರಡು ಇದ್ದರೆ ಶೇ 81. ಹಾಗಾದರೆ ಇಪ್ಪತ್ತು ಹಾಕಿಬಿಡೋಣ ಅಂದರೆ ಎನರ್ಜಿಗೆ, ಡೆಕ್ಕಿನಿಂದ ಬೇಕಾದ್ದನ್ನು ಹುಡುಕಿಕೊಡುವ ಕಾರ್ಡ್‌ಗೆ ಜಾಗ ಇಲ್ಲ. ನಮ್ಮ ಮನೆಯಲ್ಲಿ ಎಂಟನೇ ಕ್ಲಾಸಿನ ಹುಡುಗಿ ಒಬ್ಬಳು, ನನ್ನ ತಂಗಿ ಮಗಳು, ಈ ಲೆಕ್ಕವನ್ನು ನೋಟ್ ಪುಸ್ತಕದ ಹಿಂದೆ ತಾನೇ ಮಾಡಿಕೊಂಡಿದ್ದಾಳೆ. ಸಂಭವನೀಯತೆ ಪಾಠ ಅವಳಿಗೆ ಇನ್ನೂ ಆಗಿಲ್ಲ. ಯಾರೂ ಮಾಡು ಅಂತ ಹೇಳಿಯೂ ಇಲ್ಲ. ಡೆಕ್ ಯಾಕೆ ಕೈಕೊಡ್ತಿದೆ ಅಂತ ತಿಳಿಯಬೇಕಿತ್ತು, ಅಷ್ಟೇ.

ಇನ್ನೊಂದು ಸೂಕ್ಷ್ಮ. ಆರು ಪ್ರೈಜ್ ಅಂದರೆ ಡೆಕ್ಕಿನ ಹತ್ತನೇ ಒಂದು ಪಾಲು. ಒಂದೇ ಒಂದು ಪ್ರತಿ ಇಟ್ಟ ಕಾರ್ಡ್ ಹತ್ತು ಆಟಕ್ಕೆ ಒಂದರಲ್ಲಿ ಆ ಆರರೊಳಗೆ ಸೇರಿಕೊಂಡು ಕೂತಿರುತ್ತದೆ. ಪಳಗಿದವರು ಮೊದಲ ಸಲ ಡೆಕ್ ಹುಡುಕುವ ಅವಕಾಶ ಸಿಕ್ಕಾಗ ತಮಗೆ ಬೇಕಾದ ಕಾರ್ಡ್ ಮಾತ್ರ ನೋಡೋದಿಲ್ಲ. ಇಡೀ ಡೆಕ್ ಮೇಲೆ ಕಣ್ಣಾಡಿಸಿ, ಇರಬೇಕಾದ್ದರಲ್ಲಿ ಯಾವುದು ಕಾಣ್ತಿಲ್ಲ ಅಂತ ಮನಸ್ಸಲ್ಲೇ ಕಳೆದು, ಮಗುಚಿಟ್ಟ ಆರು ಯಾವುವು ಅಂತ ತಿಳಿದುಕೊಳ್ಳುತ್ತಾರೆ. ಅದೂ ಗಡಿಯಾರ ಓಡುತ್ತಿರುವಾಗ. ಇದನ್ನು ಮಾಡುವ ಹತ್ತು ವರ್ಷದ ಮಕ್ಕಳಿದ್ದಾರೆ. ಇದನ್ನು ಜೂಜು ಅನ್ನೋಕೆ ನನಗೆ ಬಾಯಿ ಬರಲ್ಲ.

ನನಗೆ ತುಂಬ ಇಷ್ಟವಾದ ಭಾಗ ಅಂದರೆ ಸೋಲುತ್ತಿರುವಾಗ ಆಡುವ ರೀತಿ. ಚಾರಿಜಾರ್ಡ್ ಇಎಕ್ಸ್‌ನ ಪೆಟ್ಟು 180. ಎದುರಾಳಿ ಎತ್ತಿಕೊಂಡ ಒಂದೊಂದು ಪ್ರೈಜ್‌ಗೂ ಅದು 30 ಏರುತ್ತದೆ. ಅವರು ನಾಲ್ಕು ಎತ್ತಿದ್ದರೆ 300, ಐದು ಎತ್ತಿದ್ದರೆ 330. ಹಾಗಾಗಿ ಶುರುವಿನಲ್ಲಿ ಎರಡು ಪೋಕೆಮಾನ್ ಕಳಕೊಂಡರೂ ಗಾಬರಿಯಾಗಬೇಕಿಲ್ಲ, ಎಷ್ಟೋ ಸಲ ಯೋಜನೆಯೇ ಅದು. ಇಎಕ್ಸ್ ಥರದ ದೊಡ್ಡ ಪೋಕೆಮಾನ್ ಬಿದ್ದರೆ ಎದುರಾಳಿಗೆ ಎರಡು ಪ್ರೈಜ್, ಸಾಮಾನ್ಯದ್ದು ಬಿದ್ದರೆ ಒಂದು. ಬರೀ ದೊಡ್ಡವನ್ನೇ ಇಳಿಸಿದರೆ ಎರಡು, ಎರಡು, ಎರಡು, ಮೂರೇ ನಾಕೌಟ್‌ಗೆ ಆಟ ಮುಗಿಯಿತು. ನಡುವೆ ಬೇಕಂತಲೇ ಒಂದು ಸಣ್ಣದನ್ನು ಮುಂದೆ ತಳ್ಳಿದರೆ ಎರಡು, ಎರಡು, ಒಂದು, ಐದಕ್ಕೆ ನಿಂತಿತು. ನಾಲ್ಕನೇ ನಾಕೌಟ್ ಬೇಕೇ ಬೇಕು. ಆ ಒಂದು ಸುತ್ತು ನಮಗೆ ಉಳಿಯಿತು. ಅಷ್ಟರಲ್ಲಿ ಅಯೋನೋ ಅನ್ನೋ ಕಾರ್ಡ್ ಸಿಕ್ಕಿದರೆ, ಇಬ್ಬರೂ ತಮ್ಮ ಕೈಯ ಕಾರ್ಡೆಲ್ಲ ಡೆಕ್ಕಿನ ಅಡಿಗೆ ಹಾಕಿ, ತಮಗೆ ಎಷ್ಟು ಪ್ರೈಜ್ ಬಾಕಿಯಿದೆಯೋ ಅಷ್ಟೇ ಕಾರ್ಡ್ ಎಳೆಯಬೇಕು. ಗೆಲುವಿಗೆ ಒಂದೇ ಹೆಜ್ಜೆ ದೂರ ಇದ್ದವರ ಕೈಯಲ್ಲಿ ಈಗ ಒಂದೇ ಕಾರ್ಡ್! ನಮ್ಮ ಮಕ್ಕಳು ಸೋಲು ಕಂಡ ತಕ್ಷಣ ಬೋರ್ಡ್ ಕೆಡವಿ ಎದ್ದು ಹೋಗ್ತಾರೆ ಅಂತ ದೂರುತ್ತೇವಲ್ಲ, ಅವರಿಗೆ ಇದನ್ನು ಆಡಿಸಿ ನೋಡಿ.

ದುಬಾರಿ ಕಾರ್ಡ್ ಇದ್ದವನೇ ಗೆಲ್ಲೋದು ಅನ್ನೋ ಮಾತೂ ಆ ಪತ್ರದಲ್ಲಿತ್ತು. 2024ರ ಆಗಸ್ಟ್‌ನಲ್ಲಿ ಹೊನೊಲುಲುವಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ನೆನಪಿಸಿಕೊಳ್ಳಿ. ದೊಡ್ಡವರ ವಿಭಾಗದಲ್ಲಿ ಗೆದ್ದದ್ದು ಚಿಲಿ ದೇಶದ ಫೆರ್ನಾಂಡೊ ಸಿಫ್ವೆಂಟೆಸ್. ಅವರು ಆಡಿದ್ದು ಐರನ್ ಥಾರ್ನ್ಸ್ ಇಎಕ್ಸ್ ಡೆಕ್. ಆ ಪೋಕೆಮಾನ್ ಮುಂದೆ ನಿಂತಿರುವಷ್ಟು ಹೊತ್ತು, ಫ್ಯೂಚರ್ ಅನ್ನೋ ಗುಂಪಿನ ಪೋಕೆಮಾನ್‌ಗಳನ್ನು ಬಿಟ್ಟು, ಎರಡೂ ಕಡೆಯ ಇಎಕ್ಸ್, ವಿ ಥರದ ದೊಡ್ಡ ಪೋಕೆಮಾನ್‌ಗಳ ವಿಶೇಷ ಶಕ್ತಿ ಕೆಲಸವೇ ಮಾಡೋದಿಲ್ಲ. ಆಗ ಹೆಚ್ಚಿನವರ ಡೆಕ್ ನಿಂತಿದ್ದೇ ಆ ಶಕ್ತಿಗಳ ಮೇಲೆ. ಚಾರಿಜಾರ್ಡ್ ಇಎಕ್ಸ್ ವಿಕಾಸವಾದಾಗ ಡೆಕ್ಕಿನಿಂದ ಮೂರು ಬೆಂಕಿ ಎನರ್ಜಿ ತಂದುಕೊಳ್ಳುತ್ತದಲ್ಲ, ಅದೂ ನಿಂತಿತು. ಸುತ್ತಿಗೂ ಒಂದು ಬೇಕಾದ ಕಾರ್ಡ್ ಹುಡುಕಿಕೊಡುವ ಪಿಜಾಟ್ ಇಎಕ್ಸ್ ಕೂಡ ಸುಮ್ಮನೆ ಕೂತಿತು. ಎಲ್ಲರೂ ಏನು ತರ್ತಾರೆ ಅಂತ ಮೊದಲೇ ಊಹಿಸಿ, ಅದಕ್ಕೆ ತಡೆ ಕಟ್ಟಿಕೊಂಡು ಹೋಗೋದು ಇದೆಯಲ್ಲ, ಅದು ಪಂದ್ಯ ಶುರುವಾಗೋಕೆ ಮುಂಚೆಯೇ ಆಡುವ ಆಟ. ಅದೇ ಪಂದ್ಯಾವಳಿಯ ಸೆಮಿಫೈನಲ್‌ನಲ್ಲಿ ಸಿಫ್ವೆಂಟೆಸ್ ಅವರನ್ನು ಸೋಲಿಸಿದ ಆಟಗಾರ ಗೆದ್ದ ಖುಷಿಯಲ್ಲಿ ಅಸಭ್ಯ ಸನ್ನೆ ಮಾಡಿ ಅನರ್ಹರಾದರು. ಅದರಿಂದಲೇ ಸಿಫ್ವೆಂಟೆಸ್ ಫೈನಲ್‌ಗೆ ಹೋದದ್ದು. ಮಕ್ಕಳು ನೋಡುವ ಜಾಗದಲ್ಲಿ ಹೀಗೆಲ್ಲ ನಡೆಯಲ್ಲ ಅಂತ ಅಷ್ಟು ದೊಡ್ಡ ಪಂದ್ಯದಲ್ಲಿ ಹೇಳಿದ್ದು ನನಗೆ ಸರಿ ಅನ್ನಿಸಿತು.

ಅದೃಷ್ಟ ಇಲ್ವಾ ಅಂದರೆ ಇದೆ. ಕಾರ್ಡ್ ಕಲೆಸುವ ಯಾವ ಆಟದಲ್ಲಿ ಇಲ್ಲ? ಆದರೆ ಅಮೆರಿಕದ ಜೇಸನ್ ಕ್ಲಚಿನ್ಸ್ಕಿ 2006, 2008, 2013ರಲ್ಲಿ ಮೂರು ಸಲ ವಿಶ್ವ ಚಾಂಪಿಯನ್ ಆದರು. ಬರೀ ಅದೃಷ್ಟ ಒಬ್ಬರ ಮನೆಗೇ ಮೂರು ಸಲ ಬರಲ್ಲ. ನಮ್ಮ ಸುಪ್ರೀಂ ಕೋರ್ಟ್ 1968ರಲ್ಲೇ ರಮ್ಮಿ ಆಟವನ್ನು ಮುಖ್ಯವಾಗಿ ಕೌಶಲದ ಆಟ ಅಂದಿತ್ತು. ಇಲ್ಲಿ ಪಣಕ್ಕೆ ದುಡ್ಡೂ ಇಲ್ಲ. ಪಂದ್ಯಾವಳಿಯ ಶುರುವಿನ ಸುತ್ತುಗಳಲ್ಲಿ ಮೊದಲ ಸೋಲಿಗೇ ಮನೆಗೆ ಕಳಿಸಲ್ಲ, ಸೋತವರು ಸೋತವರ ಜೊತೆ ಮುಂದಿನ ಸುತ್ತು ಆಡುತ್ತಾರೆ. ವಯಸ್ಸಿನ ಪ್ರಕಾರ ಮೂರು ವಿಭಾಗ. ದೊಡ್ಡ ಪಂದ್ಯಗಳಲ್ಲಿ ಡೆಕ್ಕಿನ ಪಟ್ಟಿ ಮೊದಲೇ ಬರೆದುಕೊಡಬೇಕು, ಮೂರರಲ್ಲಿ ಎರಡು ಗೆದ್ದರೆ ಗೆಲುವು. ಆಟ ಮುಗಿದ ಮೇಲೆ ಅವರವರ ಕಾರ್ಡ್ ಅವರವರಿಗೆ.

ದುಡ್ಡಿನ ವಿಷಯಕ್ಕೆ ಬರ್ತೀನಿ, ಏಕೆಂದರೆ ಮನೆಗಳಲ್ಲಿ ಜಗಳ ಇರೋದು ಅಲ್ಲೇ. ಪತ್ರಿಕೆಗಳಲ್ಲಿ ಬರೋ ಕಾರ್ಡ್ ಸುದ್ದಿ ಯಾವುದು? 2021ರಲ್ಲಿ ಒಬ್ಬ ಅಮೆರಿಕನ್ ಯೂಟ್ಯೂಬರ್ ಒಂದು ಪಿಕಾಚು ಕಾರ್ಡಿಗೆ 52 ಲಕ್ಷ 75 ಸಾವಿರ ಡಾಲರ್ ಕೊಟ್ಟರು ಅನ್ನೋದು. ಅದು ಸಂಗ್ರಹದ ಲೋಕ, ಆಟಕ್ಕೂ ಅದಕ್ಕೂ ಸಂಬಂಧ ಇಲ್ಲ. ಅದೇ ಚಾರಿಜಾರ್ಡ್ ಇಎಕ್ಸ್ ಸಾಮಾನ್ಯ ಅಚ್ಚಿನಲ್ಲೂ ಇದೆ, ಕಾರ್ಡ್ ತುಂಬ ಚಿತ್ರ ಇರುವ ಅಪರೂಪದ ಅಚ್ಚಿನಲ್ಲೂ ಇದೆ. ಬೆಲೆ ಅಜಗಜಾಂತರ. ಆಟದಲ್ಲಿ ಎರಡೂ ಒಂದೇ, ಒಂದು ಎಚ್‌ಪಿ ಕೂಡ ವ್ಯತ್ಯಾಸ ಇಲ್ಲ. ಹಾಗಾಗಿ ಒಳಗೇನಿದೆ ಅಂತ ಗೊತ್ತಿಲ್ಲದ ಪ್ಯಾಕೆಟ್ ಮೇಲೆ ಪ್ಯಾಕೆಟ್ ಕೊಡಿಸಬೇಡಿ. ಜೂಜಿನ ರುಚಿ ಹತ್ತಿಸೋದು ಆ ಪ್ಯಾಕೆಟ್ಟೇ. ಒಂದು ಸಿದ್ಧ ಡೆಕ್ ಕೊಡಿಸಿ, ಆಮೇಲೆ ಬೇಕಾದ ಕಾರ್ಡನ್ನು ಬಿಡಿಯಾಗಿ, ಸಾಮಾನ್ಯ ಅಚ್ಚಿನದ್ದು ಕೊಡಿಸಿ. ಮನೆಯಲ್ಲಿ ಅಭ್ಯಾಸಕ್ಕೆ ಅದೂ ಬೇಡ, ಕಾರ್ಡಿನ ಹೆಸರು ಮತ್ತು ವಿವರ ಚೀಟಿಯಲ್ಲಿ ಬರೆದು ಕವರಿನೊಳಗೆ ತೂರಿಸಿ ಆಡಬಹುದು. ಪಂದ್ಯಾವಳಿಗೆ ಅದು ನಡೆಯಲ್ಲ, ಕಲಿಯೋಕೆ ಧಾರಾಳ ಸಾಕು. ಕಂಪನಿಯದ್ದೇ ಟಿಸಿಜಿ ಲೈವ್ ಅನ್ನೋ ಉಚಿತ ಆ್ಯಪ್ ಇದೆ, ಒಳ್ಳೆಯ ಡೆಕ್‌ಗಳನ್ನು ದುಡ್ಡಿಲ್ಲದೆ ಅಲ್ಲಿ ಕಟ್ಟಿ ಪರೀಕ್ಷಿಸಬಹುದು.

ಕಂಪನಿಯ ಮೇಲೂ ನನಗೆ ತಕರಾರಿದೆ. ಕಾರ್ಡಿನ ಕೆಳಗೆ ಎಡ ಮೂಲೆಯಲ್ಲಿ ಒಂದು ಸಣ್ಣ ಅಕ್ಷರ ಇರುತ್ತದೆ. ಹೆಚ್ಚು ಕಡಿಮೆ ವರ್ಷಕ್ಕೊಮ್ಮೆ ಹಳೆಯ ಅಕ್ಷರದ ಕಾರ್ಡ್‌ಗಳನ್ನು ಮುಖ್ಯ ಪಂದ್ಯಗಳಿಂದ ಕೈಬಿಡುತ್ತಾರೆ. ಇದರಿಂದ ಆಟ ಹೊಸದಾಗುತ್ತದೆ, ನಿಜ. ಹಳೆಯ ಕಾರ್ಡುಗಳ ಗುಡ್ಡೆ ಇಟ್ಟುಕೊಂಡವರೇ ಗೆಲ್ಲೋದೂ ತಪ್ಪುತ್ತದೆ. ಆದರೆ ಕಷ್ಟಪಟ್ಟು ಕೂಡಿಸಿದ ಡೆಕ್ ಮುಂದಿನ ವರ್ಷ ನಡೆಯಲ್ಲ ಅಂದರೆ ನಮ್ಮಂಥ ಮನೆಗಳಿಗೆ ಹೊರೆಯೇ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಬೇಕು. ಬೀದಿಯ ಮಕ್ಕಳ ಜೊತೆ ಆಡುವಾಗ ಯಾವ ಅಕ್ಷರವಾದರೇನು, ಹಳೇ ಡೆಕ್ಕಲ್ಲೇ ಆಡಲಿ.

ನಿಮ್ಮಲ್ಲಿ ಕೇಳಿಕೊಳ್ಳೋದು ಇಷ್ಟು. ಭಾನುವಾರದ ಪುರವಣಿಯಲ್ಲಿ ಚೆಸ್‌ಗೆ, ಸುಡೊಕುಗೆ ಜಾಗ ಕೊಡ್ತೀರಿ. ಅದರ ಪಕ್ಕ ಕಾಲು ಪುಟ ಈ ಆಟಕ್ಕೂ ಕೊಡಿ. ಡೆಕ್ ಕಟ್ಟೋದು ಹೇಗೆ, ಪ್ರೈಜ್ ಲೆಕ್ಕ ಹಾಕೋದು ಹೇಗೆ, ನಕಲಿ ಕಾರ್ಡ್ ಗುರುತಿಸೋದು ಹೇಗೆ ಅಂತ ಕನ್ನಡದಲ್ಲಿ ಬರಲಿ. ಕಾರ್ಡಿನ ಇಂಗ್ಲಿಷ್ ಓದಿ ತಿಳಿಯಲಾಗದೆ ಬರೀ ಎಚ್‌ಪಿ ನೋಡಿ ಆಡ್ತಿರೋ ಮಕ್ಕಳು ಬಹಳ ಇದ್ದಾರೆ, ಅವರಿಗೆ ಇದು ದಾರಿಯಾಗುತ್ತದೆ. ಶಾಲೆಗಳಿಗೂ ಒಂದು ಮಾತು. ಕಾರ್ಡ್ ಕಿತ್ತುಕೊಂಡು ಬೀರುವಿನಲ್ಲಿ ಬೀಗ ಹಾಕೋ ಬದಲು, ಗೆದ್ದವರಿಗೆ ಸೋತವರ ಕಾರ್ಡ್ ಅನ್ನೋ ಪದ್ಧತಿಯನ್ನು ಮಾತ್ರ ಕಟ್ಟುನಿಟ್ಟಾಗಿ ನಿಲ್ಲಿಸಿ, ಶನಿವಾರ ತರಗತಿ ಮುಗಿದ ಮೇಲೆ ಒಂದು ಕೋಣೆ ಬಿಟ್ಟುಕೊಡಿ. ಗಣಿತದ ಮೇಷ್ಟ್ರು ಒಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಪುರವಣಿಗೆ ಬರೆದುಕೊಡಲು ಜನ ಬೇಕಾದರೆ ನಾನು ಸಿದ್ಧಳಿದ್ದೇನೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು, ಮೈಸೂರು