ಅವ್ವನ ಬೋರಮಾಳ ಅಡ ಇಡಬೇಡ

ಭೋಸರಿ, ಪುಣೆ

ತೀರ್ಥರೂಪ ಸಮಾನ ಅಣ್ಣನಿಗೆ,

ನಿನ್ನ ತಮ್ಮ ಬಸುವಿನ ನಮಸ್ಕಾರ. ನಾನಿಲ್ಲಿ ಕ್ಷೇಮ, ನೀವೆಲ್ಲ ಕ್ಷೇಮ ಎಂದು ನಂಬಿದ್ದೇನೆ. ಅಪ್ಪ, ಅವ್ವ, ವೈನಿ ಎಲ್ಲರಿಗೂ ನಮಸ್ಕಾರ ತಿಳಿಸು. ಮಲ್ಲುಗೆ ಸಾಲಿ ತಪ್ಪಿಸಬೇಡ ಅಂತ ಹೇಳು.

ನಿನ್ನ ಪತ್ರ ಬಂದಾಗಿನಿಂದ ಕೆಲಸದಲ್ಲಿ ಮನಸ್ಸಿಲ್ಲ. ನಿನ್ನ ಗಾಡಿಯ ಇಂಜಿನ್ ಬೋರ್ ಮಾಡಿಸಬೇಕು, ಅಂದರೆ ಸವೆದ ಸಿಲಿಂಡರ್ ಕೊರೆಸಬೇಕು ಅಂತ ಮಿಸ್ತ್ರಿ ಅಂದನಂತೆ, 40 ಸಾವಿರ ಆಗುತ್ತಂತೆ, ಅದಕ್ಕೆ ಅವ್ವನ ಬಂಗಾರದ ಬೋರಮಾಳ ಸರ ಅಡ ಇಡುತ್ತೇನೆ ಅಂತ ಬರೆದಿದ್ದೀಯ. ಬೇಡ ಅಣ್ಣ. ಕೈ ಮುಗಿದು ಕೇಳುತ್ತೇನೆ, ಈ ಪತ್ರ ಪೂರ್ತಿ ಓದುವ ತನಕ ಇಂಜಿನ್ ಇಳಿಸಲು ಬಿಡಬೇಡ.

ನೀನು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ವಂಟಮುರಿ ಘಾಟ್ ಏರುವಾಗ ಗ್ಯಾಸ್ (ಸಿಎನ್‌ಜಿ) ಮೇಲೆ ಗಾಡಿ ಜರ್ಕ್ ಹೊಡೆಯುತ್ತದೆ, ಪೆಟ್ರೋಲಿಗೆ ಹಾಕಿದರೆ ಸರಿಯಾಗಿ ಏರುತ್ತದೆ ಅಂದಿದ್ದೀಯ. ಆಯಿಲ್ ಇಳಿದಿಲ್ಲ, ನೀಲಿ ಹೊಗೆ ಇಲ್ಲ. ಬೋರ್ ಹೋದ ಇಂಜಿನ್ ಸಾಮಾನ್ಯವಾಗಿ ಆಯಿಲ್ ಕುಡಿಯುತ್ತದೆ, ಪೆಟ್ರೋಲ್ ಮೇಲೂ ಸೊರಗುತ್ತದೆ. ಗ್ಯಾಸ್ ಮೇಲೆ ಮಾತ್ರ ಮಿಸ್ಸಿಂಗ್, ಅಂದರೆ ಸಿಲಿಂಡರ್ ಆಗಾಗ ಹೊತ್ತದೆ ತಪ್ಪುತ್ತಿದ್ದರೆ, ನಾವಿಲ್ಲಿ ಮೊದಲು ಕೈ ಹಾಕುವುದು ಕಿಡಿ ಹಾರಿಸುವ ಪ್ಲಗ್ಗಿಗೆ, ಅದಕ್ಕೆ ವೋಲ್ಟೇಜ್ ಕೊಡುವ ಕಾಯಿಲ್‌ಗೆ. ಸಿಎನ್‌ಜಿ ಹೊತ್ತಿಸಲು ಪೆಟ್ರೋಲಿಗಿಂತ ಜಾಸ್ತಿ ವೋಲ್ಟೇಜ್ ಬೇಕು. ಸೋತ ಕಾಯಿಲ್ ಪೆಟ್ರೋಲಿನಲ್ಲಿ ಹೇಗೋ ಸುಧಾರಿಸುತ್ತದೆ. ಗ್ಯಾಸಿನಲ್ಲಿ, ಅದೂ ಲೋಡ್ ಹಾಕಿ ಘಾಟ್ ಏರುವಾಗ, ಕೈ ಕೊಡುತ್ತದೆ. ಪ್ಲಗ್ಗಿನಲ್ಲಿ ಕಿಡಿ ಹಾರುವ ಗ್ಯಾಪ್ ಸವೆದು ದೊಡ್ಡದಾಗಿದ್ದರೆ ಇನ್ನೂ ಕಷ್ಟ.

ಇನ್ನು ಹೊಗೆಯಲ್ಲಿ ಎಷ್ಟು ಆಕ್ಸಿಜನ್ ಉಳಿದಿದೆ ಅಂತ ನೋಡುವ ಆ ಆಕ್ಸಿಜನ್ ಸೆನ್ಸರ್. ಬೆಳಗಾವಿಯಲ್ಲಿ ಸ್ಕ್ಯಾನರ್ ಹಚ್ಚಿ ಕೊಟ್ಟ ಚೀಟಿಯಲ್ಲಿ ಎರಡು ನಂಬರ್ ಇವೆ, ಪಿ0302 ಮತ್ತು ಪಿ0131. ಮೊದಲನೆಯದನ್ನು ಬಿಟ್ಟು ಎರಡನೆಯದನ್ನೇ ಹಿಡಿದು ಸೆನ್ಸರ್ ಬದಲಿಸಿದ್ದಾರೆ. ಡ್ಯಾಶ್‌ಬೋರ್ಡಿನ ಇಂಜಿನ್ ಲೈಟ್ ಮತ್ತೆ ಬಂತು, ಈಗ ಬೋರ್ ಅನ್ನುತ್ತಿದ್ದಾರೆ. ಪಿ0302 ಅಂದರೆ ಎರಡನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ. ಪಿ0131 ಅಂದರೆ ಮುಂದಿನ ಸೆನ್ಸರಿನ ವೋಲ್ಟೇಜ್ ಕಡಿಮೆ. ಎರಡಕ್ಕೂ ನಂಟಿದೆ. ಕಿಡಿ ಹತ್ತದ ಸಿಲಿಂಡರಿನಿಂದ ಗ್ಯಾಸೂ ಗಾಳಿಯೂ ಉರಿಯದೆ ಹಾಗೇ ಸೈಲೆನ್ಸರಿಗೆ ಹೋಗುತ್ತವೆ. ಸೆನ್ಸರ್ ನೋಡುವುದು ಆಕ್ಸಿಜನ್ ಒಂದನ್ನೇ, ಉರಿಯದ ಗ್ಯಾಸ್ ಅದಕ್ಕೆ ಕಾಣುವುದಿಲ್ಲ. ಆಕ್ಸಿಜನ್ ಜಾಸ್ತಿ ಇದೆ ಅಂತ ವೋಲ್ಟೇಜ್ ಇಳಿಸುತ್ತದೆ. ಅದನ್ನು ನಂಬಿ ಇಂಜಿನ್ನಿನ ಕಂಪ್ಯೂಟರ್ (ಇಸಿಎಂ) ನಾಲ್ಕೂ ಸಿಲಿಂಡರಿಗೆ ಇನ್ನಷ್ಟು ಗ್ಯಾಸ್ ಬಿಡುತ್ತದೆ. ನಿನ್ನ ಗ್ಯಾಸ್ ಬೇಗ ಖಾಲಿಯಾಗುವುದು ಇದಕ್ಕೇ ಇರಬೇಕು. ಜ್ವರ ಇಳಿಯಲಿ ಅಂತ ಥರ್ಮಾಮೀಟರ್ ಬದಲಿಸಿದ ಹಾಗಾಯ್ತು. ಹಳೇ ಸೆನ್ಸರ್ ಎಸೆದಿಲ್ಲ ಅಲ್ವಾ? ಎತ್ತಿಡು.

ಮೊನ್ನೆ ಮಂಚರ್‌ನಿಂದ ತರಕಾರಿ ತರುವ ಗಾಡಿಯೊಂದು ನಮ್ಮ ಗ್ಯಾರೇಜಿಗೆ ಇದೇ ಕಾಯಿಲೆ ಹೊತ್ತು ಬಂದಿತ್ತು. ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದು ತಿರುಗಿಸಿದೆ. ಬಿಳಿ ಪಿಂಗಾಣಿಯ ಮೇಲೆ ಮೇಲಿಂದ ಕೆಳಗೆ ತೆಳ್ಳನೆ ಒಂದು ಕಪ್ಪು ಗೀಟು. ಕಾಯಿಲ್‌ನ ರಬ್ಬರಿನ ಒಳಗೂ ಅದೇ ಗೀಟು. ಕಿಡಿ ಗ್ಯಾಪಿನಲ್ಲಿ ಹಾರುವ ಬದಲು ಆ ಗೀಟಿನ ಗುಂಟ ಹೊರಗಿನಿಂದಲೇ ಇಳಿದು ಹೋಗುತ್ತಿತ್ತು. ಪ್ಲಗ್ ಮತ್ತು ರಬ್ಬರ್ ಎರಡನ್ನೂ ಬದಲಿಸಿದೆವು. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ. ಗಾಡಿ ಸಂಜೆಯೇ ಲೋಡಿಗೆ ಹೋಯಿತು.

ಈಗ ನೀನು ಮಾಡಬೇಕಾದದ್ದು ಇಷ್ಟೇ. ಇಂಜಿನ್ ಆರಿದ ಮೇಲೆ ಎರಡನೇ ಸಿಲಿಂಡರಿನ ಕಾಯಿಲ್ ಮೂರಕ್ಕೆ, ಮೂರರದ್ದು ಎರಡಕ್ಕೆ ಹಾಕಿಸು. ಸ್ಕ್ಯಾನರಿನಲ್ಲಿ ಹಳೇ ನಂಬರ್ ಅಳಿಸಿ ಗ್ಯಾಸ್ ಮೇಲೆ ಒಮ್ಮೆ ಘಾಟ್ ಏರಿ ಬಾ. ಪಿ0303 ಅಂತ ಬಂದರೆ ಕಾಯಿಲ್ ಹೋಗಿದೆ, ಮಾತು ಮುಗೀತು. ಎರಡರಲ್ಲೇ ಉಳಿದರೆ ಪ್ಲಗ್ ಅದಲು ಬದಲು ಮಾಡಿ ನೋಡಿ. ಅದೂ ಅಲ್ಲದಿದ್ದರೆ ಗ್ಯಾಸ್ ಒಳಗೆ ಬಿಡುವ ಇಂಜೆಕ್ಟರ್, ಆಮೇಲೆ ಟಪೆಟ್ ಗ್ಯಾಪ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು. ಗ್ಯಾಸ್ ಗಾಡಿಯಲ್ಲಿ ವಾಲ್ವ್ ಸೀಟ್ ಬೇಗ ಸವೆದು ಟಪೆಟ್ ಬಿಗಿಯಾಗುತ್ತದೆ, ಅದನ್ನು ಯಾರೂ ನೋಡುವುದೇ ಇಲ್ಲ.

ಇಷ್ಟಾದ ಮೇಲೂ ಬೋರ್ ಅಂದರೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಚ್ಚಿ ತೋರಿಸು ಅನ್ನು. ನಾಲ್ಕೂ ಸಿಲಿಂಡರಿನ ಲೆಕ್ಕ ನಿನ್ನ ಎದುರೇ ಬರೆಯಲಿ. ಒಂದು ಕಡಿಮೆ ಬಂದರೆ ಅದರೊಳಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಲಿ. ಏರಿದರೆ ರಿಂಗ್ ಅಥವಾ ಬೋರ್. ಏರದಿದ್ದರೆ ಬಹಳ ಮಾಡಿ ವಾಲ್ವ್, ಅದಕ್ಕೆ ಹೆಡ್ ಬಿಚ್ಚಿದರೆ ಸಾಕು. ಗೇಜ್ ಹಚ್ಚದೆ ಬೋರ್ ಅನ್ನುವ ಮಾತಿಗೆ ಒಂದು ರೂಪಾಯಿಯೂ ಕೊಡಬೇಡ. ಮಿಸ್ತ್ರಿ ಜೊತೆ ಜಗಳ ಮಾತ್ರ ಬೇಡ. ಅವನೂ ನಮ್ಮವನೇ, ನಾಳೆ ಬೇಕಾಗುತ್ತಾನೆ.

ಮಿಸ್ಸಿಂಗ್ ನಿಂತ ಮೇಲೆ ಸೆನ್ಸರ್ ನೋಡಿಸು, ಮೊದಲು ಬೇಡ. ಗಾಡಿ ಚೆನ್ನಾಗಿ ಬಿಸಿಯಾಗಿರಬೇಕು. 300 ಡಿಗ್ರಿ ದಾಟದೆ ಆ ಸೆನ್ಸರ್ ಸರಿಯಾಗಿ ಮಾತಾಡುವುದಿಲ್ಲ, ಅದಕ್ಕೇ ಒಳಗೆ ಹೀಟರ್ ಇಟ್ಟಿರುತ್ತಾರೆ. ಸ್ಕ್ಯಾನರಿನಲ್ಲಿ ವೋಲ್ಟೇಜ್ 0.1ರಿಂದ 0.9ರವರೆಗೆ ಏರಿಳಿಯುತ್ತಿದ್ದರೆ ಸರಿ ಇದೆ. ಕೆಳಗೇ ನಿಂತುಬಿಟ್ಟಿದ್ದರೆ ಇಂಜಿನ್ನಿಗೂ ಸೆನ್ಸರಿಗೂ ನಡುವಿನ ಎಕ್ಸಾಸ್ಟ್ ಜಾಯಿಂಟಿನಲ್ಲಿ ಮಸಿ ಕಾಣುತ್ತದಾ ನೋಡು. ಅಲ್ಲಿ ಸಂದು ಬಿಟ್ಟಿದ್ದರೆ ಹೊರಗಿನ ಗಾಳಿ ನುಗ್ಗಿ ಸೆನ್ಸರ್ ತಪ್ಪು ಹೇಳುತ್ತದೆ. ಆ ಜಾಯಿಂಟಿಗೆ ಸಾದಾ ಸಿಲಿಕಾನ್ ಬಳಿಯಲು ಬಿಡಬೇಡ, ಅದರ ಹೊಗೆಗೆ ಸೆನ್ಸರ್ ಸಾಯುತ್ತದೆ.

ಒಂದು ಮಾತು ಮರೆಯಬೇಡ. ಲೈಟ್ ಸುಮ್ನೆ ಉರಿಯುತ್ತಿದ್ದರೆ ಮೆಲ್ಲಗೆ ಮನೆಗೆ ಬಾ. ಪಿಳಿ ಪಿಳಿ ಅಂದರೆ ಲೋಡ್ ಎಷ್ಟೇ ಅರ್ಜೆಂಟ್ ಇರಲಿ, ಬದಿಗೆ ನಿಲ್ಲಿಸು. ಉರಿಯದ ಗ್ಯಾಸ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದರೆ ಅದು ಸುಟ್ಟು ಹೋಗುತ್ತದೆ. ಅದರ ಬೆಲೆ ಕೇಳಿದರೆ ಅವ್ವ ನಿದ್ದೆ ಮಾಡಲ್ಲ.

ನನ್ನ ಚಿಂತೆ ಬೇಡ ಅಂತ ಅವ್ವನಿಗೆ ಹೇಳು. ಎರಡೂ ಹೊತ್ತು ಹೊಟ್ಟೆ ತುಂಬ ಉಣ್ಣುತ್ತೇನೆ, ಮೆಸ್ಸಿನಲ್ಲಿ ಜ್ವಾರಿ ಭಾಕರಿ ಸಿಗುತ್ತದೆ, ಮೈಗೂ ಏನೂ ಆಗಿಲ್ಲ, ರೂಮೂ ಚೆನ್ನಾಗಿದೆ. ಇಲ್ಲಿಯವರು ದಕ್ಷಿಣದವರನ್ನೆಲ್ಲ ಅಣ್ಣಾ ಅಂತಾರೆ. ಸ್ಕ್ಯಾನರ್ ಕೆಲಸ ಬಂದರೆ ಶೇಠ್ ಕೂಡ ‘ಅಣ್ಣಾಲಾ ಬೋಲಾವ್’ ಅಂತ ನನ್ನನ್ನೇ ಕರೆಸುತ್ತಾರೆ. ಈ ಮಾತು ಅಪ್ಪನಿಗೆ ಹೇಳು, ಖುಷಿಪಡುತ್ತಾರೆ.

ನಾನಾ ಪೇಠೆಗೆ ಹೋಗಿ ಒಂದು ಕಾಯಿಲ್, ನಾಲ್ಕು ಪ್ಲಗ್ ತಂದಿದ್ದೇನೆ. ದುಡ್ಡಿನ ಮಾತು ಎತ್ತಬೇಡ. ಗ್ಯಾಸಿಗೆ ಗ್ಯಾಪ್ ಸ್ವಲ್ಪ ಕಡಿಮೆ ಬೇಕು ಅಂತ ನಾನೇ ಹೊಂದಿಸಿದ್ದೇನೆ, ಮಿಸ್ತ್ರಿ ಮತ್ತೆ ಮುಟ್ಟದಿರಲಿ. ಪ್ಲಗ್ ಕೈಯಲ್ಲೇ ಪೂರ್ತಿ ತಿರುಗಿಸಿ ಕೂರಿಸಿ, ಆಮೇಲಷ್ಟೇ ಪಾನಾ ಹಾಕಲಿ.

ಸ್ವಾರಗೇಟಿನಿಂದ ಬಸ್ಸು ಹೊರಡುವ ಹೊತ್ತಾಯ್ತು, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಕಾಯಿಲ್, ಪ್ಲಗ್ ಇಟ್ಟ ಡಬ್ಬದಲ್ಲೇ ಈ ಪತ್ರವನ್ನೂ ಹಾಕಿ ಈ ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಸಂಕೇಶ್ವರ ಸ್ಟ್ಯಾಂಡಿನಲ್ಲಿ ಇಸಿದುಕೋ. ಘಾಟ್ ಏರಿ ಬಂದ ಕೂಡಲೇ ಯಾವ ನಂಬರ್ ಬಂತು ಅಂತ ಫೋನ್ ಮಾಡು.

ನಿನ್ನ ತಮ್ಮ,
ಬಸು